ಭಾವಮೈದನ ಮುಂಗೈಯ ಶತ್ರುಗಳು

ನನ್ನ ಭಾವಮೈದನ ಬಲ ಮುಂಗೈಗೆ ಇದ್ದಷ್ಟು ಶತ್ರುಗಳು ಯಾವ ಚಕ್ರವರ್ತಿಗೂ ಇದ್ದಿರಲಿಕ್ಕಿಲ್ಲ. ಕೈಗಡಿಯಾರ ಅದರ ಶತ್ರು. ರಾಗಿಮುದ್ದೆ ಅದರ ಶತ್ರು. ಬಸ್ಸಿನ ಕಂಬಿ, ಬೆಳಗಿನ ತಣ್ಣೀರು, ಬಲಮಗ್ಗುಲ ನಿದ್ದೆ, ಕೊನೆಗೆ ಪಕ್ಕದ ಮನೆಯವರು ಮಾಡುವ ನಮಸ್ಕಾರ ಕೂಡ! ಅವರು ನಮಸ್ಕರಿಸಿದರೆ ಇವನೂ ಕೈ ಎತ್ತಬೇಕಲ್ಲ? ಕ್ವಿಂಟಾಲ್ ತೂಗುವ ಅರಿಶಿನದ ಮೂಟೆ ಎತ್ತುವ ಆಸಾಮಿ, ಒಂದು ನಮಸ್ಕಾರ ಎತ್ತಲಾರೆ ಎನ್ನುತ್ತಿದ್ದ. ದಿನೇ ದಿನೇ ಬೆಳೆಯುತ್ತಿದ್ದ ಆ ಪಟ್ಟಿಗೆ ಒಂದು ಹೆಸರನ್ನು ಮಾತ್ರ ಅವನು ಎಂದೂ ಸೇರಿಸಲಿಲ್ಲ. ಆ ಹೆಸರನ್ನು ಕೊನೆಯವರೆಗೆ ಬಚ್ಚಿಟ್ಟು ನಿಮ್ಮನ್ನು ಕಾಯಿಸಬಹುದಿತ್ತು. ಆದರೆ ನನಗೆ ವಯಸ್ಸಾಗಿದೆ. ಕೊನೆ ಮುಟ್ಟುವಷ್ಟರಲ್ಲಿ ಧೈರ್ಯ ಹೋದರೂ ಹೋಗಬಹುದು. ಈಗಲೇ ಹೇಳಿಬಿಡುತ್ತೇನೆ. ಆ ಹೆಸರು ನನ್ನದು.

ತೊಂಬತ್ತರ ದಶಕದ ಮಾತು. ನಾವಿಬ್ಬರೂ ಗುಂಡ್ಲುಪೇಟೆಯ ಒಂದು ಅರಿಶಿನದ ಗೋದಾಮಿನಲ್ಲಿ ಹಮಾಲಿಗಳು. ಮನೆ ಚಾಮರಾಜನಗರದಲ್ಲಿ, ಇಬ್ಬರದೂ ಒಂದೇ ಬೀದಿ. ಬೆಳಗಿನ ಮೊದಲ ಬಸ್ಸಿಗೆ ಕಪ್ಪಗೆ ಹೋಗಿ, ಸಂಜೆಯ ಬಸ್ಸಿಗೆ ಮದುಮಕ್ಕಳ ಹಾಗೆ ಹಳದಿಯಾಗಿ ಹಿಂದಿರುಗುತ್ತಿದ್ದೆವು. ಅವನು ನನ್ನ ಹೆಂಡತಿಯ ತಮ್ಮ, ಉಮ್ಮತ್ತೂರಿನವನು, ನನಗಿಂತ ಮೂರು ವರ್ಷ ಚಿಕ್ಕವನು, ನನಗಿಂತ ಮೂರು ಪಟ್ಟು ಗಟ್ಟಿ. ನಾನು ಎಸ್ಸೆಸ್ಸೆಲ್ಸಿ ಪಾಸು. ಇಡೀ ಗುಂಪಿನಲ್ಲಿ ಅಷ್ಟು ಓದಿದವನು ನಾನೊಬ್ಬನೇ ಆದ್ದರಿಂದ ಎಲ್ಲರೂ ನನ್ನನ್ನು 'ಮೇಷ್ಟ್ರು' ಎನ್ನುತ್ತಿದ್ದರು. ಮೂಟೆಗೆ ಮಾತ್ರ ಆ ಗೌರವ ಇರಲಿಲ್ಲ.

ಒಂದೊಂದು ಮೂಟೆಗೂ ಇಬ್ಬರು. ಹಿಡಿದು, ಹಲಗೆಯ ಮೇಲೆ ನಡೆದು, ಲಾರಿಗೆ ಏರಿಸಬೇಕು. ನಮ್ಮ ಮೇಸ್ತ್ರಿಯ ಕಾನೂನು ಒಂದೇ ಸಾಲಿನದು: "ಎರಡು ಸಲ ಮೂಟೆ ಬುಟ್ಟೋನು ಮೂರನೇ ದಿನ ಬರಬ್ಯಾಡ." ಹೀಗಾಗಿ ಹಮಾಲಿಗೆ ಕಾಲು ನೋಯಬಹುದು, ತಲೆ ನೋಯಬಹುದು, ಮುಂಗೈ ಮಾತ್ರ ನೋಯಬಾರದು. ಮುಂಗೈ ಸೋತರೆ ಬೆರಳು ಬಿಡುತ್ತದೆ, ಬೆರಳು ಬಿಟ್ಟರೆ ಕೆಲಸ ಬಿಡುತ್ತದೆ.

ನನ್ನ ಭಾವಮೈದನ ಮುಂಗೈ ನೋಯತೊಡಗಿತು.

ಮೊದಲು ಅಪರಾಧಿಯಾಗಿ ಸಿಕ್ಕಿಬಿದ್ದದ್ದು ಮದುವೆಯಲ್ಲಿ ಅವನ ಮಾವ ಕೊಟ್ಟ ವಾಚು. ಒಂದು ಬೆಳಿಗ್ಗೆ ಬಸ್ಸಿನಲ್ಲಿ ಮುಂಗೈ ಒತ್ತಿಕೊಳ್ಳುತ್ತಾ ಹೇಳಿದ: "ಇದು ವಾಚಿನ ಕೆಲ್ಸ ಕಣ ಬಾವ. ರಕ್ತ ಓಡಾಡಕ್ಕೇ ಬುಡ್ತಾ ಇಲ್ಲ."

"ವಾಚು ಎಡಗೈಲದೆ, ನೋವು ಬಲಗೈಲದೆ. ಇದ್ಯಾವ ಸೀಮೆ ಲೆಕ್ಕ ಕಣ್ಲಾ?"

"ಅದಕ್ಕೇ ಮತ್ತೆ! ಎಡಗೈಗೆ ಮಾತ್ರ ಒಡವೆ ಆಕುದ್ರೆ ಬಲಗೈಗೆ ಹೊಟ್ಟೆಕಿಚ್ಚು ಬರಾಕಿಲ್ವಾ?"

ಇಡೀ ಬಸ್ಸು ನಕ್ಕಿತು. ಮಾರನೆಯ ದಿನ ಅವನ ಬಲಗೈಯಲ್ಲೂ ಒಂದು ವಾಚು! ಸಂತೆಯಲ್ಲಿ ಮಕ್ಕಳಿಗೆ ಮಾರುವ ಆಟದ ವಾಚು. ಅದರ ಮುಳ್ಳುಗಳು ಬರೀ ಬಣ್ಣದವು, ಯಾವಾಗಲೂ ನಾಲ್ಕು ಗಂಟೆ. ಯಾರಾದರೂ ಹೊತ್ತೆಷ್ಟು ಎಂದರೆ "ಎಡಗೈದು ಯೋಳ್ಲೋ, ಬಲಗೈದು ಯೋಳ್ಲೋ?" ಎಂದು ಕೇಳುತ್ತಿದ್ದ. ಬೆಳಿಗ್ಗೆ ಹತ್ತಕ್ಕೇ ಬಲಗೈಯನ್ನು ಮೇಸ್ತ್ರಿಯ ಮೂಗಿಗೆ ಹಿಡಿದು, "ನಾಲ್ಕಾಯ್ತು ಕಣಣ್ಣ, ಟೀ ತರ್ಸು" ಎನ್ನುತ್ತಿದ್ದ. ಟೀ ಬರುತ್ತಿತ್ತು. ನೋವು ಹೋಗುತ್ತಿರಲಿಲ್ಲ.

ಆಮೇಲೆ ಬಂದದ್ದು ಎಣ್ಣೆ. ನಮ್ಮ ಗೋದಾಮಿಗೆ ಕೇರಳದ ಲಾರಿಗಳು ಬರುತ್ತಿದ್ದವಲ್ಲ, ಅವುಗಳ ಒಬ್ಬ ಡ್ರೈವರ್ ಇವನು ಕೈ ಉಜ್ಜಿಕೊಳ್ಳುವುದನ್ನು ಕಂಡು ಮರುಗಿದ. "ಎಂತಾ ಚೇಟ್ಟಾ, ಕೈ ವೇದನೆಯಾ?" ಎಂದು ಕೇಳಿ, ಮುಂದಿನ ಸಲ ಬರುವಾಗ ಕರಿ ಎಣ್ಣೆಯ ಒಂದು ಸೀಸೆ ತಂದುಕೊಟ್ಟ. ಅವರ ಕಡೆ ಅದನ್ನು ಆನೆಯ ಕಾಲಿಗೆ ಹಚ್ಚುತ್ತಾರಂತೆ!

"ಆನೆಗೆ ಹಚ್ಚೋದನ್ನ ನೀ ಹಚ್ಕತೀಯೇನ್ಲಾ?"

"ಆನೆನೂ ಭಾರ ಎತ್ತದೆ, ನಾನೂ ಎತ್ತೀನಿ. ಇಬ್ರೂ ಒಂದೇ ಜಾತಿ ಬುಡು ಬಾವ."

ಆ ವಾಸನೆಯನ್ನು ಹೇಗೆ ವರ್ಣಿಸಲಿ? ಬೆಳ್ಳುಳ್ಳಿ, ಸೀದ ಇಂಗು, ನೆನೆದ ನಾಯಿ, ಮೂರನ್ನೂ ಒಂದೇ ಮಡಕೆಗೆ ಹಾಕಿ ವಾರ ಬಿಟ್ಟು ತೆಗೆದ ಹಾಗೆ. ಬಸ್ಸಿನಲ್ಲಿ ಅವನು ಕಂಬಿ ಹಿಡಿಯಲು ಕೈ ಎತ್ತಿದ್ದೇ ತಡ, ಸುತ್ತಲಿನ ನಾಲ್ಕು ಸೀಟು ಖಾಲಿ. ಕಂಡಕ್ಟರ್ ಮೂಗು ಮುಚ್ಚಿಕೊಂಡು ಬಂದ. "ಏನಯ್ಯಾ ಅದು, ಏನಾದ್ರೂ ಸತ್ತೋಗಿರೋದ ತಂದಿದ್ದೀಯಾ?"

"ಇನ್ನೂ ಪೂರ್ತಿ ಸತ್ತಿಲ್ಲ ಕಣಣ್ಣ," ಎಂದ ನನ್ನ ಭಾವಮೈದ, "ನೋವು. ಸಾಯ್ತಾ ಅದೆ."

ಸೀಸೆ ಮುಗಿಯುವವರೆಗೆ ನಾವು ರಾಜರ ಹಾಗೆ ಕುಳಿತು ಹೋದೆವು. ನನ್ನ ಹೆಂಡತಿ ಮಾತ್ರ ತಮ್ಮನಿಗೆ ಊಟವನ್ನು ಜಗಲಿಯ ಮೇಲೆಯೇ ಇಕ್ಕಿದಳು.

ಎಣ್ಣೆ ಮುಗಿದರೂ ನೋವು ಸಾಯಲಿಲ್ಲ. ಈಗ ಮುದ್ದೆಯ ಸರದಿ. ಮುರಿದು ಮುರಿದು ಉಣ್ಣುವುದರಿಂದಲೇ ಮುಂಗೈ ಸವೆಯುತ್ತಿದೆ ಎಂದು ತೀರ್ಮಾನಿಸಿ, ಹರದನಹಳ್ಳಿಯಲ್ಲಿ ನಮ್ಮ ನೆಂಟರ ಬೀಗರೂಟದ ಪಂಕ್ತಿಯಲ್ಲಿ ಎಡಗೈಯಿಂದ ಉಣ್ಣಲು ಶುರುಮಾಡಿದ. ಎದುರಿಗೆ ಕುಳಿತಿದ್ದ ಹಿರಿಯರೊಬ್ಬರು ಕೆಂಡವಾದರು. "ಲೇ, ಬೀಗರ ಮುಂದೆ ಎಡಗೈಲಿ ಉಣ್ತೀಯೇನ್ಲಾ?"

"ಬಲಗೈ ರಜೆ ಮೇಲದೆ ತಾತ. ಸದ್ಯಕ್ಕೆ ಎಡಗೈ ಇನ್‌ಚಾರ್ಜು."

ಹೇಳಿ ಮುಗಿಸುವಷ್ಟರಲ್ಲಿ ಎಡಗೈಯಲ್ಲಿದ್ದ ಮೂಳೆಯ ತುಂಡು ಜಾರಿ, ಹಾರಿ, ಹಿರಿಯರ ಬಿಳೀ ಪಂಚೆಯ ಮೇಲೆ ಕುಳಿತಿತು. ಅವರು ಅದನ್ನು ಎತ್ತಿ ಇವನ ಎಲೆಗೇ ಹಾಕಿ ಹೇಳಿದರು: "ನಿನ್ನ ಇನ್‌ಚಾರ್ಜ್‌ಗೂ ರಜೆ ಕೊಟ್ಬುಡು ಮಗ."

ಈ ಕಥೆಗಳನ್ನು ನನ್ನ ಹೆಂಡತಿ ಯಾವ ಮದುವೆಮನೆಗೆ ಹೋದರೂ ಅಭಿನಯಿಸಿ ತೋರಿಸುತ್ತಿದ್ದಳು. ಜನ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಎಲ್ಲರಿಗಿಂತ ಜೋರಾಗಿ ನಗುತ್ತಿದ್ದವನು ಯಾರು ಗೊತ್ತೆ? ನಾನು! ಯಾಕೆಂದರೆ ಆ ನೋವಿನ ಮೂಲ ಲೋಕದಲ್ಲಿ ನನಗೊಬ್ಬನಿಗೇ ಗೊತ್ತಿದೆ ಎಂದುಕೊಂಡಿದ್ದೆ.

ಈಗ ನನ್ನ ಮಾತಿಗೆ ಬರುತ್ತೇನೆ. ಈ ವಾಚು, ಎಣ್ಣೆಗಳಿಗೆಲ್ಲ ಮೊದಲು ನನಗೆ ಹರ್ನಿಯಾ ಆಪರೇಷನ್ ಆಗಿತ್ತು. ಆರು ತಿಂಗಳು ಭಾರ ಎತ್ತಬೇಡಿ ಎಂದಿದ್ದರು. ಆರು ತಿಂಗಳು ಮನೆಯಲ್ಲಿ ಕುಳಿತರೆ ಗುಂಪಿನಲ್ಲಿ ನನ್ನ ಜಾಗ ಉಳಿಯುತ್ತದೆಯೆ? ಆಗ ಇವನೇ ಒಂದು ಉಪಾಯ ಹೇಳಿದ: "ಬಾವ, ನೀ ಕಿವಿ ಹಿಡ್ಕೊ. ನಾ ಹೊಟ್ಟೆ ಹಿಡ್ಕತೀನಿ."

ಮೂಟೆಯ ಬಾಯಿ ಹೊಲಿದಾಗ ಎರಡು ತುದಿಗಳಲ್ಲಿ ಗಂಟು ನಿಲ್ಲುತ್ತದಲ್ಲ, ಅದೇ ಕಿವಿ. ತಳದ ಎರಡು ಮೂಲೆಗಳಿಗೂ ಕಿವಿ ಎಂದೇ ಹೆಸರು. ಕಿವಿ ಹಿಡಿಯುವುದು ಸುಲಭ. ಬೆರಳಿಗೆ ಗಂಟು ಸಿಗುತ್ತದೆ. ಹೊಟ್ಟೆಯಲ್ಲಿ ಗಂಟೂ ಇಲ್ಲ, ಮೂಲೆಯೂ ಇಲ್ಲ. ಬಿಗಿದ ಗೋಣಿಯನ್ನು ಬೆರಳಲ್ಲೇ ಉಡದ ಹಾಗೆ ಕಚ್ಚಿ ಹಿಡಿಯಬೇಕು. ಎಲ್ಲವೂ ಮುಂಗೈಯ ಮೇಲೆಯೇ. ಅಷ್ಟೇ ಅಲ್ಲ, ತುದಿ ಹಿಡಿದವನಿಗೆ ಭಾರ ಕಡಿಮೆ, ನಡುವಿಗೆ ಹತ್ತಿರ ಹಿಡಿದವನಿಗೆ ಹೆಚ್ಚು. ಹೈಸ್ಕೂಲಿನಲ್ಲಿ ಮೇಷ್ಟ್ರು ಒಂದು ಕೋಲಿಗೆ ಕಲ್ಲು ಕಟ್ಟಿ ಇದನ್ನೇ ತೋರಿಸಿದ್ದರು. ನಾನು ಕಲಿತ ವಿದ್ಯೆಯೆಲ್ಲ ಜೀವನದಲ್ಲಿ ಉಪಯೋಗಕ್ಕೆ ಬಂದದ್ದು ಇದೊಂದಕ್ಕೇ!

ಆರು ತಿಂಗಳಾಯಿತು. ಹಿತ್ತಿಲಲ್ಲಿ ಯಾರೂ ಇಲ್ಲದಾಗ ಪರೀಕ್ಷೆಗೆಂದು ಒರಳುಕಲ್ಲು ಎತ್ತಿದೆ. ಎದ್ದಿತು. ಬೇಲಿಯವರೆಗೂ ಹೊತ್ತುಕೊಂಡು ಹೋದೆ. ಒಂದಿಷ್ಟೂ ನೋವಿಲ್ಲ! ಮರುದಿನ ಹೇಳಿಬಿಡಬೇಕೆಂದೇ ಗೋದಾಮಿಗೆ ಹೋದೆ. ಆದರೆ ಮೂಟೆ ಎದುರಿಗೆ ಬಂದಾಗ ಅವನ ಕೈ ತಾನಾಗಿಯೇ ಹೊಟ್ಟೆಗೆ ಹೋಯಿತು, ನನ್ನ ಕೈ ತಾನಾಗಿಯೇ ಕಿವಿಗೆ. ನಾಳೆ ಹೇಳೋಣ ಎಂದುಕೊಂಡೆ. ಆ ನಾಳೆ ಎರಡು ವರ್ಷ ನಡೆಯಿತು. ನಡುನಡುವೆ ಪಕ್ಕೆ ಒತ್ತಿಕೊಂಡು "ಅಮ್ಮಾ" ಎಂದು ನರಳುತ್ತಲೂ ಇದ್ದೆ. ಅಭಿನಯ ನನ್ನ ಹೆಂಡತಿಗೆ ಮಾತ್ರ ಬರುತ್ತದೆಂದು ತಿಳಿದಿದ್ದಿರಾ?

ಒಂದು ದಿನ ಹಲಗೆಯ ನಡುವೆ ಅವನ ಬೆರಳು ಬಿಟ್ಟವು. ಮೂಟೆ ಬಿದ್ದು, ಒಡೆದು, ನೆಲವೆಲ್ಲ ಅರಿಶಿನ. ಮೇಸ್ತ್ರಿ ಬಂದು ನಿಂತ. "ಒಂದಾಯ್ತು. ಇನ್ನೊಂದಾದ್ರೆ ಮನೇಲಿರು ಕಣ್ಲಾ."

ಆಗ ನನ್ನ ಮನಸ್ಸಿಗೆ ಮೊದಲು ಬಂದದ್ದು ಏನೆಂದು ನಾಚಿಕೆಬಿಟ್ಟು ಹೇಳುತ್ತೇನೆ. 'ಅಯ್ಯೋ ಇವನ ಗತಿ' ಎಂದಲ್ಲ. 'ಇವನು ಹೋದರೆ ನನಗೆ ಹೊಟ್ಟೆ ಹಿಡಿಯುವವರು ಯಾರು?' ಎಂದು.

ಅಂದೇ ಸಂಜೆ ಗುಂಡ್ಲುಪೇಟೆಯಲ್ಲೇ ಒಬ್ಬ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಅವರು ಮುಂಗೈ ಒತ್ತಿ ನೋಡಿದರು, ಮುಷ್ಟಿ ಬಿಗಿಸಿ ನೋಡಿದರು. "ಇದು ಭಾರದ ನೋವಲ್ಲ, ಹಿಡಿತದ ನೋವು. ಮೂಟೆ ಹೇಗೆ ಹಿಡೀತೀರಿ? ಇಬ್ಬರೂ ತೋರಿಸಿ," ಎಂದು ಮಂಚದ ಮೇಲಿದ್ದ ದಿಂಬನ್ನು ಕೊಟ್ಟರು.

ನಾವಿಬ್ಬರೂ ದಿಂಬಿನ ಅತ್ತ ಇತ್ತ ನಿಂತೆವು. ಇವನು ಈಗ ಹೊಟ್ಟೆ ಹಿಡಿಯುತ್ತಾನೆ. ಡಾಕ್ಟರು 'ಯಾಕೆ ಹೀಗೆ' ಎನ್ನುತ್ತಾರೆ. ನನ್ನ ಬಣ್ಣ ಬಯಲು! ನಾನು ಎರಡು ಕಿವಿ ಹಿಡಿದೆ. ಅವನು ನನ್ನ ಮುಖ ನೋಡಿದ. ಆಮೇಲೆ ನಿಧಾನವಾಗಿ ಆ ಕಡೆಯ ಎರಡು ಕಿವಿ ಹಿಡಿದ.

ಡಾಕ್ಟರು ತಲೆ ಕೆರೆದುಕೊಂಡರು. "ಹೀಗೆ ಹಿಡಿದರೆ ಇಷ್ಟು ನೋಯಬಾರದಲ್ಲ?"

"ವಾಚು ಬಿಗಿಯಾಗದೆ ಸಾರ್," ಎಂದ ನನ್ನ ಭಾವಮೈದ. ಬಲಗೈಯಲ್ಲಿ ಆಟದ ವಾಚು ಇನ್ನೂ ಇತ್ತು. ನಾಲ್ಕು ಗಂಟೆ.

ಹದಿನೈದು ದಿನ ಮೂಟೆ ಮುಟ್ಟಬೇಡ, ಬಿಸಿನೀರಿನ ಶಾಖ ಕೊಡು, ಆಮೇಲೂ ಬೆರಳಿಗೆ ಗಂಟು ಸಿಗದ ಕಡೆ ಹಿಡಿಯಬೇಡ ಎಂದು ಹೇಳಿ ಕಳಿಸಿದರು. ಬಸ್ಸು ತೆರಕಣಾಂಬಿ ದಾಟಿತು. ಕೊನೆಗೆ ನಾನೇ ಕೇಳಿದೆ. "ಡಾಕ್ಟರ ಮುಂದೆ ಯಾಕ್ಲಾ ಸುಳ್ಳು ತೋರ್ಸ್ದೆ?"

"ನಿಜ ತೋರ್ಸುದ್ರೆ ನಿನ್ನ ಕಡೆ ನೋಡೋರು."

"ನಿಂಗೆ... ಗೊತ್ತಿತ್ತಾ?"

"ಒಳ್ಳುಕಲ್ಲು ಬೇಲಿ ತಾವ ಹೋಗಿತ್ತಲ್ಲ ಬಾವ. ಅದೇನು ತಾನೇ ನಡ್ಕಂಡು ಹೋಯ್ತಾ? ಅಕ್ಕ ಕೇಳುದ್ಲು. ನಾನೇ ಎತ್ತಿಟ್ಟೆ ಅಂದೆ."

ಎರಡು ವರ್ಷ! ನನಗೆ ತಲೆ ಎತ್ತಲಾಗಲಿಲ್ಲ. "ಒಂದ್ಮಾತು ಬಯ್ಯಬಾರದಿತ್ತೇನ್ಲಾ? ಆ ವಾಚು, ಆ ಎಣ್ಣೆ, ಆ ನಾಟಕ ಎಲ್ಲಾ ಯಾಕೆ?"

ಅವನು ಕಿಟಕಿಯಾಚೆ ನೋಡುತ್ತಾ ಹೇಳಿದ. "ನಿನ್ನ ಆಪರೇಸನ್ ಆದಾಗ ಅಕ್ಕ ಎಂಟು ದಿನ ಅತ್ತದ್ದ ನಾ ನೋಡಿವ್ನಿ. ನೀ ನರಳುದ್ರೆ ಅಕ್ಕ ಅಳ್ತಾಳೆ. ನಾ ನರಳುದ್ರೆ ಊರೆಲ್ಲ ನಗ್ತದೆ, ಅಕ್ಕನೂ ನಗ್ತಾಳೆ. ಯಾವ್ದು ವಾಸಿ ನೀನೇ ಯೋಳು."

ಅವನು ರಜೆ ಮುಗಿಸಿ ಬಂದ ದಿನ ನಾನು ಮೂಟೆಯ ಹೊಟ್ಟೆಗೆ ಕೈ ಹಾಕಿದೆ. ಅಭ್ಯಾಸಬಲ, ಅವನೂ ಹೊಟ್ಟೆಗೇ ಬಾಗಿದ. ಇಬ್ಬರ ತಲೆಯೂ ಡಿಕ್ಕಿ ಹೊಡೆದು ಠಣ್ ಎಂದಿತು. "ಏನ್ರಲಾ, ಈ ಮೂಟೆಗೆ ಕಿವಿ ಹಿಡಿಯೋರೇ ಗತಿಯಿಲ್ವಾ?" ಎಂದು ಮೇಸ್ತ್ರಿ ಕೂಗಿದ. ನನ್ನ ಭಾವಮೈದನ ಕೈಯಿಂದ ಎರಡನೇ ಮೂಟೆ ಬೀಳಲೇ ಇಲ್ಲ. ತಿಂಗಳೊಪ್ಪತ್ತಿನಲ್ಲಿ ನನ್ನ ಮುಂಗೈ ನೋಯತೊಡಗಿತು. ಯಾಕೆ ಎಂದು ಹೆಂಡತಿ ಕೇಳಿದಳು. "ವಾಚು ಬಿಗಿಯಾಗಿದೆ" ಎಂದೆ. ನನ್ನ ಹತ್ತಿರ ವಾಚೇ ಇರಲಿಲ್ಲ.

ಕಾಲ ಕಳೆದ ಹಾಗೆ ನನ್ನ ನೋವು ಹೋಯಿತು. ಅವನ ಕೈಗೆ ವಿಶ್ರಾಂತಿ ಸಿಕ್ಕದ್ದು ತಡವಾಗಿತ್ತು. ಇವತ್ತಿಗೂ ಅವನ ಬಲಗೈ ಪೂರ್ತಿ ಮುಷ್ಟಿಯಾಗುವುದಿಲ್ಲ. ಕಾಫಿ ಲೋಟವನ್ನು ತೀರ್ಥದ ಹಾಗೆ ಎರಡು ಕೈಯಲ್ಲಿ ಹಿಡಿಯುತ್ತಾನೆ. ಮೊನ್ನೆ ಮನೆಗೆ ಬಂದಿದ್ದಾಗ ನನ್ನ ಹೆಂಡತಿ ಎಂದಿನಂತೆ ನಕ್ಕಳು. "ಈ ಸಲ ಯಾರ್ಲಾ ಶತ್ರು?"

"ಲೋಟ ಕಣಕ್ಕ. ಅಂಚು ಸರಿಯಿಲ್ಲ."

ನಾನು ತಡೆಯಲಾರದೆ ಹೇಳಿದೆ: "ಲೋಟ ಅಲ್ಲ ಕಣೆ, ನಾನು. ಅವನ ಕೈ ಹಾಳು ಮಾಡಿದವನು ನಾನು."

ಅವನು ಒಂದು ಕ್ಷಣವೂ ಬಿಡಲಿಲ್ಲ. "ಬಾವನಿಗೆ ವಯಸ್ಸಾಯ್ತು ಅಕ್ಕ, ಏನೇನೋ ಮಾತಾಡ್ತದೆ. ಸಕ್ಕರೆ ಕಮ್ಮಿ ಕೊಡು." ಅವಳು ಇನ್ನೂ ಜೋರಾಗಿ ನಕ್ಕಳು.

ಬಾಯಲ್ಲಿ ಹೇಳಿದರೆ ಅವನು ಅಡ್ಡ ಬರುತ್ತಾನೆ. ಅದಕ್ಕೇ ಬರೆದೆ. ಅವನು ಊರಿಗೆ ಹೋಗಿದ್ದಾನೆ. ಅವಳು ಇದನ್ನು ಓದಲು ಕನ್ನಡಕ ಹುಡುಕುತ್ತಿದ್ದಾಳೆ. ವಾಚಿನ ಹತ್ತಿರ ನಗುತ್ತಾಳೆ, ಎಣ್ಣೆಯ ಹತ್ತಿರ ನಗುತ್ತಾಳೆ, ಬೀಗರೂಟದ ಹತ್ತಿರ ಸೆರಗು ಬಾಯಿಗಿಟ್ಟು ನಗುತ್ತಾಳೆ. ಆಮೇಲೆ ದಿಂಬು ಬರುತ್ತದೆ. ಅಳುತ್ತಾಳೆ. ಅಳಲಿ. ಇಷ್ಟು ವರ್ಷ ಅವಳ ತಮ್ಮ ನಗಿಸಿ ನಗಿಸಿ ತಡೆದು ಹಿಡಿದಿದ್ದ ಅಳು ಅದು. ಅದನ್ನು ಹಿಡಿಯಲು ಅವನ ಕೈಯಲ್ಲಿ ಇನ್ನು ಬಲವಿಲ್ಲ.