ಗೋಪುರದ ಮೇಲೊಂದು ಶೌಚಾಲಯ

ವಿಮಾನ ಸಂಚಾರ ನಿಯಂತ್ರಕರ ಸಂಘವು ಒಂದು ಶೌಚಾಲಯಕ್ಕಾಗಿ ಸ್ಥಾಪನೆಯಾಯಿತೆಂಬುದು ನಿರ್ವಿವಾದ. ನಮ್ಮ ಕೆಲಸ ಗೋಪುರದ ತುದಿಯಲ್ಲಿ, ಶೌಚಾಲಯ ಬುಡದಲ್ಲಿ. ಲಿಫ್ಟ್ ಇದೆ, ದೊಡ್ಡ ಸಾಹೇಬರು ಬಂದ ದಿನ ಓಡುತ್ತದೆ.

ಸಂಘದ ಆಡಳಿತವೂ ವೃತ್ತಿಧರ್ಮಕ್ಕೆ ತಕ್ಕಂತೆಯೇ ಇದೆ. ಸಭೆಯಲ್ಲಿ ಮಾತಾಡಬೇಕೆನ್ನುವವರು, ಇಳಿಯಲು ಕಾಯುವ ವಿಮಾನಗಳ ಹಾಗೆ, ಅನುಮತಿ ಸಿಗುವವರೆಗೆ ಮೇಜಿನ ಸುತ್ತ ಸುತ್ತಬೇಕು. ಅಧ್ಯಕ್ಷರು ಹೇಳಿದ್ದನ್ನು, ನಮ್ಮ ಸೂಚನೆ ಕೇಳಿದ ಪೈಲಟ್‌ಗಳ ಹಾಗೆ, ಮರಳಿ ಒಪ್ಪಿಸಿ 'ಸರಿಯಾಗಿದೆ' ಎನ್ನಿಸಿಕೊಳ್ಳಬೇಕು. ತಲೆ ತಿರುಗಿ ಬಿದ್ದವರ ಅಭಿಪ್ರಾಯವನ್ನು 'ಬೇರೆ ನಿಲ್ದಾಣಕ್ಕೆ ಕಳುಹಿಸಲಾಗಿದೆ' ಎಂದು ದಾಖಲಿಸಲಾಗುವುದು. ಹೀಗಾಗಿ ನಮ್ಮಲ್ಲಿ ಭಿನ್ನಮತವೇ ಇಲ್ಲ. ಈ ನಿಯಮಗಳನ್ನು ಯಾರೋ ತಮಾಷೆಗೆ ಬರೆದರೆಂಬ ಗಾಳಿಮಾತನ್ನು ಉಪಾಧ್ಯಕ್ಷನಾಗಿ ಖಂಡಿಸುತ್ತೇನೆ. ಬರೆದವನು ನಾನೇ, ನನಗೆ ಗೊತ್ತಿರುವುದಿಲ್ಲವೇ?

ಹೀಗಿರಲು ವಿಮಾನ ನಿಲ್ದಾಣದ ಆಡಳಿತ ಮಂಡಳಿಯು ಯಾವ ಮುನ್ಸೂಚನೆಯೂ ಇಲ್ಲದೆ ಗೋಪುರದ ಮೇಲೆಯೇ ಶೌಚಾಲಯ ಕಟ್ಟಿಸಿ, ಬೀಗದ ಕೀಲಿಯನ್ನು ನಮ್ಮ ಅಧ್ಯಕ್ಷರ ಕೈಗಿತ್ತಿತು. ಕೂಡಲೇ ಪಕ್ಕದ ಕೋಣೆಯಲ್ಲಿ ತುರ್ತು ಸಭೆ ಸೇರಿತು.

"ಇದು ನಮ್ಮನ್ನ ಮುಗಿಸೋ ಹುನ್ನಾರ," ಎಂದರು ಅಧ್ಯಕ್ಷರು. "ಬೇಡಿಕೆ ಈಡೇರಿದ್ರೆ ಸಂಘ ಯಾಕೆ? ಸಂಘ ಇಲ್ದಿದ್ರೆ ನಾನ್ಯಾಕೆ?"

ಅಷ್ಟರಲ್ಲಿ, ಬೆಳಗಿನಿಂದ ರಾಡಾರ್ ಮುಂದಿಂದ ಏಳದೆ ದುಡಿದು ನೇರ ಸಭೆಗೆ ಬಂದಿದ್ದ ಹಿರಿಯ ನಿಯಂತ್ರಕಿ ದೊಡ್ಡಕ್ಕ, ಮೇಜಿನ ಸುತ್ತ ಸುತ್ತತೊಡಗಿದರು. ಸ್ವಲ್ಪ ಜೋರಾಗಿಯೇ.

"ಇಳಿಯೋಕೆ ಅನುಮತಿ ಕೊಡಿ!"

"ನಿಮ್ಮ ಮುಂದೆ ಖಜಾಂಚಿ ಇದಾರೆ. ಸುತ್ತುತ್ತಾ ಇರಿ," ಎಂದರು ಅಧ್ಯಕ್ಷರು.

"ಸುತ್ತುತ್ತಾ ಇರ್ತೀನಿ. ಅಯ್ಯೋ, ತುರ್ತು ಪರಿಸ್ಥಿತಿ ಕಣ್ರೀ!"

"ಯಾವ ಸ್ವರೂಪದ್ದು?"

"ಬಿಡಿಸಿ ಬೇರೆ ಹೇಳ್ಬೇಕಾ? ಆ ಕೀಲಿ ಇತ್ಲಾಗೆ ಬಿಸಾಕಿ!"

"ನಂದೂ ತುರ್ತೇ," ಎಂದ ಖಜಾಂಚಿ, ಮುಂದೆ ಸುತ್ತುತ್ತಲೇ, ದಾರಿ ಬಿಡದೆ. ಅವನದು ಕಿಟಕಿ ಪರದೆಯ ಬಣ್ಣದ ವಿಷಯ.

"ನಿನ್ನ ಪರದೆಗಿಷ್ಟು ಬೆಂಕಿ ಹಾಕ!" ಎಂದವರೇ ದೊಡ್ಡಕ್ಕ ಬಾಗಿಲು ಹತ್ತಿರವಾದಾಗ ಸುತ್ತು ಬಿಟ್ಟು ಮೆಟ್ಟಿಲಿನತ್ತ ಓಡಿದರು.

ಅವರ ನಿರ್ಗಮನವನ್ನು ಸಮ್ಮತಿಯೆಂದು ಪರಿಗಣಿಸಿ ಸರ್ವಾನುಮತದಿಂದ ನಿರ್ಣಯಿಸಲಾಯಿತು: ಹೊಸ ಶೌಚಾಲಯವು ಇನ್ನು ಮುಂದೆ ಸಂಘದ ಕಚೇರಿ; ಕೀಲಿ ಅಧ್ಯಕ್ಷರ ಬಳಿ ಇರತಕ್ಕದ್ದು; ಕಚೇರಿ ಕೆಲಸಕ್ಕಲ್ಲದೆ ಬೇರೆಯದಕ್ಕೆ ಬಳಸತಕ್ಕದ್ದಲ್ಲ; ಸದಸ್ಯರಿಗಾಗಿ ಗೋಪುರದ ಮೇಲೊಂದು ಶೌಚಾಲಯ ಬೇಕೆಂಬ ಹೋರಾಟ ಮುಂದುವರಿಯುವುದು.

ಏದುಸಿರು ಬಿಡುತ್ತಾ ಹತ್ತಿ ಬಂದ ದೊಡ್ಡಕ್ಕನಿಗೆ ನಾನೇ ಇದನ್ನು ಓದಿ ಹೇಳಿದೆ. ಮರಳಿ ಒಪ್ಪಿಸಲೇಬೇಕಲ್ಲ. ಸೊಂಟದ ಮೇಲೆ ಕೈಯಿಟ್ಟು ಹೇಳಿದರು: "ಕೀಲಿ ನಿಮಗೆ. ಮೆಟ್ಟಿಲು ನಮಗೆ."

"ಸರಿಯಾಗಿದೆ," ಎಂದರು ಅಧ್ಯಕ್ಷರು, ಹೆಮ್ಮೆಯಿಂದ.

ಈಗ ಸಂಘ ಹಿಂದೆಂದಿಗಿಂತ ಬಲಿಷ್ಠವಾಗಿದೆ. ಅಧ್ಯಕ್ಷರು ಊಟವಾದೊಡನೆ ತಪ್ಪದೆ ಕಚೇರಿ ಕೆಲಸಕ್ಕೆ ತೆರಳುತ್ತಾರೆ. ಒಳಗಿನಿಂದ ನೀರಿನ ಸದ್ದು ಕೇಳಿದಾಗ ಬಿಡುವಿನಲ್ಲಿರುವ ನಾವೆಲ್ಲ ಎದ್ದು ನಿಲ್ಲುತ್ತೇವೆ. ಎಲ್ಲರಿಗಿಂತ ಮೊದಲು ಏಳುವವರು ದೊಡ್ಡಕ್ಕ. ಹೇಗೂ ಅವರು ಕೆಳಗೆ ಹೋಗಬೇಕಾಗಿರುತ್ತದೆ.