ಬಸ್ಸು ಹತ್ತಿದ ನನ್ನ ಓಟ

ಓಟದ ವಿಚಾರದಲ್ಲಿ ನನ್ನಷ್ಟು ದೃಢಸಂಕಲ್ಪದ ಹೆಂಗಸು ಹಾಸನದಲ್ಲಿ ಇನ್ನೊಬ್ಬಳಿಲ್ಲ. ಎಂಟು ತಿಂಗಳಿಂದ ಪ್ರತಿ ಭಾನುವಾರ ‘ನಾಳೆಯಿಂದ ಓಡ್ತೀನಿ’ ಅಂತ ಸಂಕಲ್ಪ ಮಾಡಿದ್ದೇನೆ. ಒಂದು ಭಾನುವಾರವೂ ತಪ್ಪಿಸಿಲ್ಲ!

ನಾನು ಬ್ಲೌಸ್ ಹೊಲಿಯುವವಳು. ದಿನವೆಲ್ಲ ಮಿಷನ್ ಮುಂದೆ ಕೂತು ಊರವರ ಅಳತೆ ತೆಗೆಯುವವಳಿಗೆ ತನ್ನ ಅಳತೆ ತೆಗೆಯೋಕೆ ಧೈರ್ಯ ಬೇಕು. ಹೋದ ವರ್ಷ ಆ ಧೈರ್ಯ ಬಂದು, ಹಟ ಹಿಡಿದು ಒಂದು ಜೊತೆ ನೀಲಿ ಶೂ ಕೊಂಡೆ. ಮೂರು ವಾರ ಓಡಿದೆ. ಆಮೇಲೆ ಗೌರಿ ಹಬ್ಬ ಬಂತು, ಹೋಳಿಗೆ ಬಂತು, ಮದುವೆ ಸೀಸನ್ ಬಂತು. ಶೂ ಮಾತ್ರ ಡಬ್ಬದಿಂದ ಈಚೆ ಬರಲಿಲ್ಲ.

ಮೊನ್ನೆ ಸಂಜೆ ನಮ್ಮ ಯಜಮಾನರು ಆ ಡಬ್ಬ ಕೈಗೆತ್ತಿಕೊಂಡರು.

“ಗೊರೂರಿಂದ ಮಂಜುಳಾ ಫೋನ್ ಮಾಡಿದ್ಲು ಕಣೇ. ಅವಳು ದಿನಾ ಡ್ಯಾಮ್ ರೋಡಲ್ಲಿ ಚಪ್ಲೀಲೇ ಓಡ್ತಾಳಂತೆ. ‘ಅತ್ಗೆ ಶೂ ಸುಮ್ನೆ ಬಿದ್ದಿದ್ರೆ ನಂಗಾದ್ರೂ ಕೊಡ್ಲಿ’ ಅಂದ್ಲು. ಇವತ್ತು ಎರಡು ಕಿಲೋಮೀಟರ್ ಓಡಿದ್ರೆ ಶೂ ನಿಂದು. ಇಲ್ದಿದ್ರೆ ನಾಳೆ ತಗೊಂಡೋಗಿ ಅವಳಿಗೆ ಕೊಟ್ಬುಡ್ತೀನಿ.”

ಮಂಜುಳಾ ನನ್ನ ನಾದಿನಿ. ಒಳ್ಳೆಯವಳೇ. ಆದರೆ ನನ್ನ ಶೂ ನಾದಿನಿ ಕಾಲಿಗಾ! “ಪ್ರಾಣ ಬೇಕಾದ್ರೂ ಕೊಟ್ಟೇನು, ಶೂ ಕೊಡಲ್ಲ” ಅಂತ ಘೋಷಿಸಿದೆ.

“ಪ್ರಾಣ ಯಾರಿಗ್ ಬೇಕು? ಅವಳು ಕೇಳಿದ್ದು ಶೂ” ಅಂದರು.

ಘೋಷಣೆ ಆದ ಮೇಲೆ ಲೇಸು ಕಟ್ಟಲು ಕಾಲು ಗಂಟೆ ಹಿಡಿಯಿತು. ಲೇಸು ಕೈಗೆ ಸಿಕ್ಕರೆ ಉಸಿರು ಸಿಗದು, ಉಸಿರು ಸಿಕ್ಕರೆ ಲೇಸು ಸಿಗದು. ಕೊನೆಗೆ ಅವರೇ ಕಟ್ಟಿದರು. ನೀರು ಕುಡಿದೆ, ದೇವರಿಗೆ ಕೈ ಮುಗಿದೆ, ಶಕ್ತಿ ಬರಲಿ ಅಂತ ಎರಡು ಬಾಳೆಹಣ್ಣು ತಿಂದೆ. ತೇಗು ಬಂತು.

ಗೊರೂರು ರಸ್ತೆಯಲ್ಲಿ ಓಡತೊಡಗಿದ್ದೇ ತಡ, ಪಕ್ಕದ ಮನೆ ಪುಟ್ಟಮ್ಮ ಬಿಡಿಸುತ್ತಿದ್ದ ಸೊಪ್ಪು ಬಿಟ್ಟು ಎದ್ದುಬಿಟ್ಟರು.

“ಅಯ್ಯೋ ಸುಜಾತಾ, ಯಾರಿಗೇನಾಯ್ತವ್ವಾ?”

“ಯಾರ್ಗೂ ಏನೂ ಆಗಿಲ್ಲ, ಸುಮ್ನೆ ಓಡ್ತಿದೀನಿ!”

“ಸುಮ್‌ಸುಮ್ನೆ ಯಾರವ್ವ ಓಡ್ತಾರೆ? ಗಂಡ ಏನಾರಾ ಅಂದ್ನಾ?”

ಅಂದಿದ್ದು ನಿಜ. ಮುಂದಕ್ಕೆ ಓಡಿದೆ.

ಇನ್ನೂರು ಹೆಜ್ಜೆ ಆಗಿರಬಹುದು. ಕಣ್ಣಿಗೆ ಬೆವರು ಇಳಿಯಿತು. ಒರೆಸಿಕೊಳ್ಳೋಣ ಅಂತ ಕೈ ಎತ್ತಿದೆ. ಹಿಂದಿನಿಂದ ಬಂದ ಗೊರೂರು ಬಸ್ಸು ನನ್ನನ್ನು ದಾಟಿ, ಸ್ವಲ್ಪ ಮುಂದೆ ಹೋಗಿ ನಿಂತೇಬಿಟ್ಟಿತು!

ಕಿಟಕಿಗಳಿಂದ ತಲೆಗಳು ಹೊರಬಂದವು.

“ತಡೀರಿ ಡ್ರೈವರ್ರೇ, ಯಮ್ಮ ಓಡ್ ಬತ್ತಾವ್ಳೆ!”

“ಬಾರವ್ವಾ, ಬಿರ್‌ಬಿರ್ನೆ ಬಾ!”

ಇಷ್ಟು ಜನ ಹುರಿದುಂಬಿಸಿದರೆ ಯಾರು ತಾನೇ ಓಡಲ್ಲ? ಜೀವಮಾನದಲ್ಲಿ ಹಾಗೆ ಓಡಿರಲಿಲ್ಲ. ಬಸ್ಸನ್ನು ದಾಟಿಕೊಂಡು ಗೌರವದಿಂದ ಮುಂದೆ ಹೋಗುವುದು ನನ್ನ ಯೋಜನೆ. ಬಾಗಿಲ ಹತ್ತಿರ ಕೂತಿದ್ದ ಅಜ್ಜಿಯೊಬ್ಬಳು ಎದ್ದು ಬಂದು ರಟ್ಟೆ ಹಿಡಿದು ಒಳಗೆ ಎಳೆದುಕೊಂಡಳು. ಕಂಡಕ್ಟರ್ ‘ರೈಟ್’ ಅಂದ.

“ಎಲ್ಲಿಗಕ್ಕಾ? ಆಧಾರ್ ತೋರ್ಸಿ, ಫ್ರೀ ಟಿಕೆಟ್ ಕೊಡ್ತೀನಿ.”

“ಎಲ್ಲಿಗೂ ಇಲ್ಲಪ್ಪಾ, ನಾನು ಓಡ್ತಿದ್ದೆ.”

“ನಾವೂ ನೋಡುದ್ವಲ್ಲಕ್ಕಾ, ಅದ್ಕೇ ನಿಲ್ಸಿದ್ದು!”

“ಉಸ್ರು ಬುಡಕ್ಕಾಯ್ತಿಲ್ಲ, ಮೊದ್ಲು ಕೂತ್ಕಳವ್ವ” ಅಂತ ಅಜ್ಜಿ ತನ್ನ ಸೀಟು ಬಿಟ್ಟುಕೊಟ್ಟಳು. ಎಪ್ಪತ್ತು ದಾಟಿದ ಅಜ್ಜಿ ನಿಂತಳು, ನಲವತ್ತೆರಡರ ನಾನು ಕೂತೆ! ಫೋನಿನಲ್ಲಿದ್ದ ಆಧಾರ್ ತೋರಿಸಿ ಟಿಕೆಟ್ ತಗೊಂಡು, ಮುಂದಿನ ಸ್ಟಾಪಿನಲ್ಲಿ ಇಳಿಯುವುದೆಂದು ತೀರ್ಮಾನಿಸಿದೆ. ಕಿಟಕಿಯಿಂದ ತಣ್ಣನೆ ಗಾಳಿ ಬೀಸಿತು. ಕಣ್ಣು ಬಿಟ್ಟಾಗ ಗೊರೂರು!

ಸದ್ದಿಲ್ಲದೆ ಹಾಸನದ ಬಸ್ಸು ಹತ್ತಿದರೆ ಶೂ ಉಳಿಯುತ್ತದೆ ಅಂತ ಸ್ಟ್ಯಾಂಡಿನ ಕಂಬದ ಹಿಂದೆ ನಿಂತೆ. ನಾನು ಮರೆಯಾಗುವಷ್ಟು ದಪ್ಪ ಕಂಬ ಅಲ್ಲಿರಲಿಲ್ಲ.

“ಅತ್ಗೇ!” ಮಂಜುಳಾ! ಓಟ ಮುಗಿಸಿ ಬರುತ್ತಿದ್ದಾಳೆ. ಅವಳ ಕಣ್ಣು ನೇರ ನನ್ನ ಕಾಲಿಗೆ. “ಶೂ ಕೊಡಕ್ಕೆ ಇಷ್ಟ್ ದೂರ ನೀವೇ ಬಂದ್ಬುಟ್ರಾ?”

“ಇಲ್ಲ ಮಂಜು, ನಾನು ಓಡ್ತಾ ಇದ್ದೆ.”

“ಹಾಸನದಿಂದ್ಲಾ?!”

ಸ್ಟ್ಯಾಂಡಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ನಾನು ನೆಲ ನೋಡಿದೆ. ಅವಳ ಹವಾಯಿ ಚಪ್ಪಲಿಯ ಬಾರಿಗೆ ಸೇಫ್ಟಿ ಪಿನ್ ಹಾಕಿತ್ತು. ನಾಚಿಕೆಯಾಯಿತು. ಆದರೂ ಶೂ ಬಿಡಲು ಮನಸ್ಸು ಒಪ್ಪಲಿಲ್ಲ.

ಅಷ್ಟರಲ್ಲಿ ಹಾಸನದ ಬಸ್ಸು ಹೊರಟೇಬಿಟ್ಟಿತು. ಓಡಿದೆ. ಹತ್ತು ಹೆಜ್ಜೆಗೆ ಪಕ್ಕೆ ಹಿಡಿದುಕೊಂಡು ನಿಂತೆ. ಮಂಜುಳಾ ಚಪ್ಪಲಿ ಅಲ್ಲೇ ಬಿಟ್ಟು, ಚೂಡಿದಾರದ ವೇಲು ಸೊಂಟಕ್ಕೆ ಬಿಗಿದು, ಬರಿಗಾಲಲ್ಲಿ ಓಡಿದಳು. ತಿರುವಿನಲ್ಲಿ ಬಸ್ಸನ್ನು ಹಿಡಿದೇಬಿಟ್ಟಳು! ಅದರ ಬೆನ್ನಿಗೆ ಎರಡೇಟು ತಟ್ಟಿ ನಿಲ್ಲಿಸಿ, ನನ್ನ ಕಡೆ ತಿರುಗಿ, “ನಿಧಾನಕ್ಕೆ ಬನ್ನಿ ಅತ್ಗೆ, ಕಾಯ್ತಾರೆ” ಅಂದಳು. ಅವಳಿಗೆ ಏದುಸಿರು ಕೂಡ ಬಂದಿರಲಿಲ್ಲ.

ಬಸ್ಸು ಹತ್ತಿ ಕೂತು, ಒಂದು ಕಾಲಿನಿಂದ ಇನ್ನೊಂದನ್ನು ಮೆಟ್ಟಿ ಎರಡೂ ಶೂ ಕಿತ್ತೆ. ಕಿಟಕಿಯಿಂದ ಅವಳ ಕೈಗಿಟ್ಟೆ. “ತಗೋ ಮಂಜು. ಇವು ನಿನ್ನ ಅಳತೆಯವೇ” ಅಂದೆ. ಅವಳು ಹಿಗ್ಗಿದ್ದು ನೋಡಿ ನನಗೆ ಅಳು ಬಂತು. ಅರ್ಧ ಪ್ರೀತಿಗೆ, ಅರ್ಧ ಶೂಗೆ.

ಬರಿಗಾಲಲ್ಲಿ ಮನೆ ಸೇರಿದೆ. ಬಾಗಿಲು ತೆಗೆದ ಯಜಮಾನರು ಮೊದಲು ನೋಡಿದ್ದೇ ನನ್ನ ಕಾಲು.

“ಶೂ ಎಲ್ಲೇ?”

“ಓಡೋಕೆ ಹೋಗಿವೆ ಕಣ್ರೀ” ಅಂದು ಸೋಫಾದ ಮೇಲೆ ಕಾಲು ಚಾಚಿದೆ.