ಕಾಕಾನ ಥರ್ಮಾಸ್ ಗೋಡೆ

ನಮ್ಮ ಕಾಕಾ ಬೆಂಕಿಗೂ ಬುದ್ಧಿ ಹೇಳಬಲ್ಲವರು. ಹೆಂಡತಿಗೆ, ಅಂದರೆ ನಮ್ಮ ಕಾಕುಗೆ, ಮಾತ್ರ ಒಂದು ಮಾತು ಹೇಳಲಾರರು! ಹುಮನಾಬಾದಿನ ಬಿಸಿಲು ತಡೆಯಲೆಂದು ಅಡುಗೆಮನೆಗೆ ಜೋಡುಗೋಡೆ ಕಟ್ಟಿಸಿ, ನಡುವೆ ಜೋಳದ ಹೊಟ್ಟು ತುಂಬಿಸಿದ ಮಹಾನುಭಾವರು. "ಥರ್ಮಾಸ್ ಇದ್ದಂಗವ್ವಾ," ಎಂದು ಕಾನ್ವೆಂಟಿನಿಂದ ರಜೆಗೆ ಬಂದ ನನಗೆ ವಿವರಿಸಿದರು. ತಂಪು ಒಳಗೇ ಉಳಿಯಿತು. ಸೌದೆಒಲೆಯ ಹೊಗೆಯೂ!

ಕಾಕು ಕೆಮ್ಮತೊಡಗಿದರು. ಹೊಗೆ ಹೊರಗೆ ಹೋಗಬೇಕು, ಇಲ್ಲವೇ ಇವರು ಒಲೆ ಬಿಡಬೇಕು ಎಂದರು ಬಸವಕಲ್ಯಾಣದ ಡಾಕ್ಟರು. ಕಾಕು ಒಲೆ ಬಿಡುವುದೇ? ಇಂಪಾಸಿಬಲ್!

ಕಾಕಾ ತಗಡಿನ ಪೈಪು ತಂದರು. ಗೋಡೆಗೆ ದೊಡ್ಡ ತೂತು ಹಾಕಿ, ಹೊಟ್ಟು ಉದುರದಂತೆ ಅಂಚಿಗೆ ಸುಣ್ಣ ಮೆತ್ತಿ, ಪೈಪು ತೂರಿಸಿ, ಸುತ್ತ ನಾಲ್ಕು ಬೆರಳು ಖಾಲಿ ಬಿಟ್ಟರು. ಯಾಕೆಂದು ಹೇಳಲಿಲ್ಲ. ಶುಕ್ರವಾರ ಕಾಕು ಅಡುಗೆಮನೆ ಸಾರಿಸುವ ದಿನ. ಸಂದು ಕಂಡರೆ ಅವರ ಕೈ ಸುಮ್ಮನಿದ್ದೀತೇ? ಸೆಗಣಿ, ಮಣ್ಣು, ಜೋಳದ ಕಣಕಿದಂಟಿನ ಚೂರು ಕಲಸಿ ನೀಟಾಗಿ ಮುಚ್ಚಿಬಿಟ್ಟರು. ಕಾಕಾ ಕೆರೆದು ತೆಗೆದರು. ಮರುವಾರ ಕಾಕು ಮತ್ತೆ ಮೆತ್ತಿದರು!

"ಸಂದ್ಯಾಕ ಬಿಟ್ಟೀರಿ? ಚೇಳು ಹೊಗತಾವ."

"ಗಾಳಿ ಆಡಬೇಕ."

"ಗೋಡಿಗ್ಯಾಕ್ರಿ ಗಾಳಿ? ಹೊಟ್ಟು ತುಂಬಿ ಬಂದ್ ಮಾಡಿದವರೂ ನೀವೇ!"

ನನಗೂ ಅರ್ಥವಾಗಲಿಲ್ಲ. ಸೈನ್ಸಿನಲ್ಲಿ ಫಸ್ಟ್ ಬಂದವಳು ನಾನು!

ಮೂರನೆಯ ಶುಕ್ರವಾರ ಕಾಕಾ ನಿರ್ಣಾ ಊರಿಗೆ ಹೋಗಿದ್ದರು. ಮೆತ್ತಿದ್ದು ಹಾಗೇ ಉಳಿಯಿತು. ಮರುದಿನ ಮನೆತುಂಬ ಘಮಘಮ. ಪಕ್ಕದಮನೆ ಅಜ್ಜಿ ಚಟ್ನಿಪುಡಿಯ ಬಟ್ಟಲು ಹಿಡಿದೇ ಬಂದರು. "ಬ್ಯಾಸಿಗ್ಯಾಗ ಸೀತನಿ ಎಲ್ಲಿ ಸಿಕ್ಕಿತವ್ವಾ? ಸುಡೂಮುಂದ ನಮ್ಮನ್ನ ಕರೀಬಾರದೇನ?"

ಸೀತನಿಗೆ ಹಸಿಜೋಳದ ತೆನೆ ಎಲ್ಲಿತ್ತು? ಸುಡುತ್ತಿದ್ದದ್ದು ನಮ್ಮ ಗೋಡೆ!

ಆಗಷ್ಟೇ ಬಂದಿಳಿದ ಕಾಕಾ ಚೀಲ ಎಸೆದು ಒಳನುಗ್ಗಿ, ಕಾಕುವನ್ನು ಹೊರಗೆಳೆದು, ಹಾರೆಯಿಂದ ಗೋಡೆ ಒಡೆದು ಕೊಡಗಟ್ಟಲೆ ನೀರು ಸುರಿದರು.

"ಪೈಪಿನ ಕಾವು ತಾಗಿ ಹೊಟ್ಟಿಗಿ ಬೆಂಕಿ ಹತ್ತಬಾರದಂತ ಸಂದು ಬಿಟ್ಟಿದ್ದೆ!"

"ಹಾಂಗಂತ ಹೇಳಬಾರದೇನ್ರಿ?"

"ಹೇಳಿದ್ರ ನೀ ಅಂಜತಿದ್ದಿ."

"ಈಗ ಅಂಜಿಲ್ಲೇನ?"

ಈ ಸಲ ಪೈಪಿನ ಸುತ್ತ ಒಂದು ಮೊಳ ಹೊಟ್ಟು ತೆಗೆಸಿ, ಕಲ್ಲು-ಸುಣ್ಣ ಕಟ್ಟಿಸಿ, ದೊಡ್ಡ ಪೈಪಿನೊಳಗೆ ಸಣ್ಣದನ್ನು ಕೂಡಿಸಿದರು. ನಡುವೆ ಬರೀ ಗಾಳಿ. ಕಾಕು ಗೋಡೆಯನ್ನೆಲ್ಲ ಸಾರಿಸಿದರು; ಸಂದು ಮುಟ್ಟಲಿಲ್ಲ. ಕೆಮ್ಮು ಇಳಿಯಿತು. ಆದರೂ ಕಾಕಾ ದಿನಾ ಬೆಳಿಗ್ಗೆ ಹೊರಗಿನಿಂದ ಗೋಡೆಗೆ ಅಂಗೈ ಇಟ್ಟು, ಮಗುವಿನ ಜ್ವರ ನೋಡಿದಂತೆ ನೋಡುತ್ತಿದ್ದರು. "ತಣ್ಣಗದ!"

"ನಾನೂ ತಣ್ಣಗಿದ್ದೇನಿ, ಚಾ ಕುಡಿಯಾಕ ಬರ್ರಿ," ಒಳಗಿನಿಂದ ಕಾಕು.

ಎಷ್ಟೋ ವರ್ಷಗಳ ಮೇಲೆ, ಕಾಕು ತೀರಿಕೊಂಡ ತಿಂಗಳಿಗೆ ಹೋದೆ. ಕಾಕಾ ಗೋಡೆಗೆ ಅಂಗೈ ಇಟ್ಟು ನಿಂತಿದ್ದರು.

"ಕಾಕಾ, ಒಲಿ ಹಚ್ಚೇ ಇಲ್ಲಲ್ಲ?"

"ಗೊತ್ತದವ್ವಾ," ಅಂದರು. ಕೈ ಮಾತ್ರ ತೆಗೆಯಲಿಲ್ಲ.